ಕೋವಿಯ ಮೇಲೊಂದು ಇಸವಿ

ಹೊಸಪೇಟೆಯಲ್ಲಿ ನಮಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಓಣಿಯವರೆಲ್ಲ ಅವರನ್ನು ಚಾಚಾ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇವೆ. ಒಂದು ಸಂಜೆ ಮಗ್ರಿಬ್ ನಮಾಜು ಮುಗಿದ ಮೇಲೆ ಅವರು ನಮ್ಮನ್ನು ಮನೆಗೆ ಕರೆದೊಯ್ದು, ಅಟ್ಟದಿಂದ ಇಳಿಸಿದ ಗೋಣಿಯ ಗಂಟೊಂದನ್ನು ಬಿಚ್ಚಿದರು. ಒಳಗಿದ್ದುದು ಹಳೆಯ ಕೋವಿಯೊಂದರ ನಳಿಗೆ. ಮರದ ಹಿಡಿ ಇಲ್ಲ, ಕುದುರೆ ಇಲ್ಲ. ತುಕ್ಕು ಹಿಡಿದ ಕಬ್ಬಿಣದ ಕೊಳವೆ ಮಾತ್ರ. ಚಾಚಾ ಅವರ ಅಜ್ಜ ಸಂಡೂರಿನ ಕಡೆಯಿಂದ ಬಂದವರು. ಬರುವಾಗ ತಂದ ಸಾಮಾನಿನಲ್ಲಿ ಇದೂ ಇತ್ತೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ.

ಹಳೆಯ ವಸ್ತುಗಳನ್ನು ಕೊಳ್ಳುವವನೊಬ್ಬ ಅದನ್ನು ನೋಡಿ ಹೋಗಿದ್ದನಂತೆ. ಹೀಗೇ ಇದ್ದರೆ ಗುಜರಿ ಬೆಲೆ, ಇದರ ಮೇಲೆ ಟಿಪ್ಪು ಸುಲ್ತಾನನ ಕಾಲದ ಒಂದು ಇಸವಿ ಇದ್ದರೆ ಲಕ್ಷಗಳ ಮಾತು ಎಂದು ಅವನು ಹೇಳಿದ್ದ. ಇಸವಿ ಕೆತ್ತಿಸಿ, ಹಳೆಯದಾಗಿ ಕಾಣುವಂತೆ ಮಾಡಿಸುವ ಕೈಗಳೂ ತನಗೆ ಗೊತ್ತು ಎಂದಿದ್ದ. ಚಾಚಾ ಅವರ ಮೊಮ್ಮಗಳಿಗೆ ನರ್ಸಿಂಗ್ ಕಾಲೇಜಿನ ಫೀಜು ಕಟ್ಟಬೇಕಾಗಿತ್ತು. ಅವರು ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ಟಿಪ್ಪು ಕಾಲದ್ದೇ ಅಂತ ನಮ್ಮ ದಾದಾ ಹೇಳ್ತಿದ್ರು. ಇದ್ದ ಸಂಗತೀನೇ ಬರದ್ರ ಅದ್ರಾಗ ಏನ್ ತಪ್ಪೈತ್ರಿ?"

ಸುಳ್ಳು ಹೇಳುವುದು ತಪ್ಪು ಎಂದು ಉತ್ತರಿಸಿ ಎದ್ದುಬರಬಹುದಿತ್ತು. ಆದರೆ ಚಾಚಾ ಸುಳ್ಳುಗಾರರಲ್ಲ. ಅವರ ಪ್ರಶ್ನೆ ಸುಳ್ಳಿನ ಬಗ್ಗೆ ಇರಲಿಲ್ಲ. ತಾವು ನಿಜವೆಂದು ನಂಬಿದ್ದಕ್ಕೆ ತಾವೇ ಸಾಕ್ಷಿಯನ್ನು ತಯಾರಿಸಬಹುದೇ ಎಂಬುದರ ಬಗ್ಗೆ ಇತ್ತು. ಈ ಪ್ರಶ್ನೆ ಒಂದು ನಳಿಗೆಗೆ, ಒಂದು ಮನೆಗೆ ಮುಗಿಯುವಂಥದ್ದಲ್ಲವೆಂದು ನಮಗೆ ಅನ್ನಿಸಿತು. ಆದ್ದರಿಂದ ಓದುಗರ ಮುಂದೆ ಇಡುತ್ತಿದ್ದೇವೆ.

ಮೊದಲು, ಚಾಚಾ ಅವರ ಅಜ್ಜನ ಮಾತು ಅಸಾಧ್ಯವೇನಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಹೈದರಾಲಿ 1776ರಲ್ಲಿ ಮುರಾರಿರಾವ್ ಘೋರ್ಪಡೆಯಿಂದ ಗುತ್ತಿಯನ್ನು ಗೆದ್ದಾಗ ಸಂಡೂರು ಕೂಡ ಅವನ ಕೈಸೇರಿತು. ಸಂಡೂರಿನ ಸಮೀಪದ ಕೃಷ್ಣಾನಗರದ ಕೋಟೆಯನ್ನು ಹೈದರ್ ಕಟ್ಟಿಸಲು ತೊಡಗಿ, ಟಿಪ್ಪು ಪೂರ್ತಿಗೊಳಿಸಿದ. ಅಲ್ಲಿ ಮೈಸೂರಿನ ಸಿಪಾಯಿಗಳ ಠಾಣ್ಯವಿತ್ತು. ಅವರ ಕೈಯಲ್ಲಿದ್ದ ಬಂದೂಕುಗಳಲ್ಲಿ ಒಂದು ಯಾವುದೋ ಮನೆಯ ಅಟ್ಟ ಸೇರಿರಲೂಬಹುದು. ಆದರೆ ಇದೇ ಸೀಮೆಯಲ್ಲಿ ಘೋರ್ಪಡೆಯವರ ಪಡೆಯೂ ಇತ್ತು. ಹರಪನಹಳ್ಳಿ, ಆನೆಗೊಂದಿ ಮುಂತಾದ ಸಂಸ್ಥಾನಗಳ ಕಾಲಾಳುಗಳಿದ್ದರು. ನಿಜಾಮನ ಜನ ಬಂದುಹೋದರು. 1800ರಲ್ಲಿ ಬಳ್ಳಾರಿ ಸೀಮೆ ಕಂಪನಿ ಸರಕಾರಕ್ಕೆ ಸೇರಿದ ಮೇಲೆ ಬೇಟೆಗೂ ಬೆಳೆ ಕಾಯುವುದಕ್ಕೂ ಇಟ್ಟುಕೊಂಡ ನಾಡ ಕೋವಿಗಳೂ ಇದ್ದವು. ಚಾಚಾ ಅವರ ನಳಿಗೆ ಇವುಗಳಲ್ಲಿ ಯಾವುದೂ ಆಗಿರಬಹುದು. 'ಇರಬಹುದು' ಎಂಬುದಕ್ಕೂ 'ಹೌದು' ಎಂಬುದಕ್ಕೂ ನಡುವೆ ಇರುವ ಅಂತರವನ್ನೇ ಆ ವ್ಯಾಪಾರಿ ಉಳಿಯಿಂದ ಮುಚ್ಚಲು ಹೊರಟಿದ್ದ.

ಟಿಪ್ಪುವಿನ ಕೋವಿಗಳ ಮೇಲೆ ಇಸವಿ ಇರುವುದು ನಿಜ. ಅವನ ಕಾರ್ಖಾನೆಗಳಲ್ಲಿ ತಯಾರಾದ ಉತ್ತಮ ದರ್ಜೆಯ ಬಂದೂಕುಗಳಲ್ಲಿ ಪಟ್ಟಣದ, ಅಂದರೆ ಶ್ರೀರಂಗಪಟ್ಟಣದ, ಹೆಸರು, ಮಾಡಿದವನ ಹೆಸರು, ಹುಲಿಯ ಪಟ್ಟೆಯ ಗುರುತು, 'ಹೈದರ್' ಎಂಬ ಅಕ್ಷರಗಳ ಮುದ್ರೆ, ವರ್ಷ ಇವೆಲ್ಲ ಕಾಣಸಿಗುತ್ತವೆ. ಆದರೆ ಆ ವರ್ಷವನ್ನು ಓದುವುದು ಸುಲಭವಲ್ಲ. ಟಿಪ್ಪು ಮೊದಮೊದಲು ಹಿಜರಿ ವರ್ಷವನ್ನೇ ಬಳಸುತ್ತಿದ್ದ. ಹಿಜರಿ 1201ರ ಸುಮಾರಿಗೆ, ಎಂದರೆ 1787ರಲ್ಲಿ, ಅದನ್ನು ಬಿಟ್ಟು 'ಮೌಲೂದಿ' ಎಂಬ ಹೊಸ ಎಣಿಕೆಯನ್ನು ಜಾರಿಗೆ ತಂದ. ಅವನ ನಾಣ್ಯಗಳಲ್ಲಿ 1201ರ ಮುಂದೆ ಬರುವುದು 1202 ಅಲ್ಲ, 1215! ಅದು ಸಾಲದೆಂಬಂತೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಅಭ್ಯಾಸವಿಲ್ಲದವರ ಕಣ್ಣಿಗೆ 1215 ಎಂಬುದು 5121 ಎಂದು ಕಾಣುತ್ತದೆ.

ಇದನ್ನು ತಿಳಿಯದವರು ಏನಾಗುತ್ತಾರೆ ನೋಡಿ. 1215 ಎಂಬುದನ್ನು ಹಿಜರಿ ಎಂದು ತಿಳಿದು ಲೆಕ್ಕ ಹಾಕಿದರೆ ಅದು 1800-01 ಆಗುತ್ತದೆ. ಟಿಪ್ಪು ಹುತಾತ್ಮನಾದದ್ದು 1799ರ ಮೇ 4ರಂದು. ಸತ್ತ ಅರಸನ ಕಾರ್ಖಾನೆಯಲ್ಲಿ ಕೋವಿ ತಯಾರಾದಂತಾಯಿತು! ಅವಸರದಲ್ಲಿ ಓದುವವನು ನಿಜವಾದ ವಸ್ತುವನ್ನೇ ಖೋಟಾ ಎನ್ನುತ್ತಾನೆ. ಅವಸರದಲ್ಲಿ ಕೆತ್ತುವವನು ತನ್ನ ಖೋಟಾವನ್ನು ತಾನೇ ಹಿಡಿದುಕೊಡುತ್ತಾನೆ.

ಇನ್ನೊಂದು ಸಂಗತಿಯೂ ಉಂಟು. ಟಿಪ್ಪುವಿನ ಈ ಮೌಲೂದಿ ಎಣಿಕೆ ಬರೀ ಚಾಂದ್ರಮಾನದ್ದಲ್ಲ. ನಮ್ಮ ನಾಡಿನ ಪಂಚಾಂಗದ ಹಾಗೆ ಚಾಂದ್ರ-ಸೌರ ಎರಡನ್ನೂ ಕೂಡಿಸಿದ್ದು. ಪ್ರಭವ, ವಿಭವ ಎಂದು ಸಾಗುವ ಅರವತ್ತು ಸಂವತ್ಸರಗಳ ಚಕ್ರವನ್ನೇ ಅವನು ತೆಗೆದುಕೊಂಡು ಅದಕ್ಕೆ ಬೇರೆ ಹೆಸರುಗಳನ್ನು ಕೊಟ್ಟ. ಪ್ರವಾದಿಯವರ ನೆನಪಿನ ಹೆಸರು ಹೊತ್ತ ವರ್ಷದ ಒಳಗೆ ಕನ್ನಡ ನಾಡಿನ ಯುಗಾದಿಯ ಲೆಕ್ಕ ಕುಳಿತಿದೆ. ಒಂದು ನಿಜವಾದ ಇಸವಿ ಎಷ್ಟೊಂದು ಮಾತಾಡುತ್ತದೆ! ಖೋಟಾ ಇಸವಿಗೆ ಬರುವುದು ಒಂದೇ ಮಾತು: ನನ್ನ ಬೆಲೆ ಇಷ್ಟು.

ಹಳೆಯ ಆಯುಧದ ಇಸವಿಗೆ ಬೆಲೆ ಕಟ್ಟುವ ಈ ಹುಚ್ಚು ನಮ್ಮಲ್ಲಿ ಮಾತ್ರ ಇರುವುದಲ್ಲ. ಸೋವಿಯತ್ ರಷ್ಯಾದ ಸೈನ್ಯ ಬಿಟ್ಟುಕೊಟ್ಟ ರೈಫಲುಗಳನ್ನು ಸಂಗ್ರಹಿಸುವವರು ಅಮೆರಿಕ, ಯುರೋಪುಗಳಲ್ಲಿ ಬಹಳ ಜನ. ತೂಲಾ ನಗರದ ಕಾರ್ಖಾನೆಯಲ್ಲಿ ತಯಾರಾದ ಸಿಮೊನೊವ್ ರೈಫಲಿನ ಮೇಲೆ ನಕ್ಷತ್ರದ ಗುರುತು, ಅದರ ಜೊತೆ ವರ್ಷ ಇರುತ್ತದೆ. ಮೊದಲ ವರ್ಷವಾದ 1949 ಎಂದಿದ್ದರೆ ಬೆಲೆ ಹೆಚ್ಚು. ಮುಂದೆ 1950ರ ದಶಕದ ಕೊನೆಗೆ ವರ್ಷದ ಬದಲು ಅಕ್ಷರದ ಗುರುತು ಬಂದದ್ದರಿಂದ ಓದುವ ಕಷ್ಟವೂ ಹೆಚ್ಚಿತು. ಅದಕ್ಕಿಂತ ಹಳೆಯ ಮೋಸಿನ್ ರೈಫಲುಗಳಲ್ಲಿ ನಳಿಗೆಯ ಮೇಲೆ ಒಂದು ವರ್ಷ, ಮರದ ಕೆಳಗೆ ಅಡಗಿದ ಕಬ್ಬಿಣದ ಬಾಲದಲ್ಲಿ ಅದಕ್ಕಿಂತ ಹಿಂದಿನ ಇನ್ನೊಂದು ವರ್ಷ ಇರುವುದುಂಟು. ಯುದ್ಧಗಳ ನಂತರ ಸರಕಾರವೇ ಅವನ್ನು ಬಿಚ್ಚಿ, ತುಂಡುಗಳನ್ನು ಅದಲು ಬದಲು ಮಾಡಿ, ಹೊಸ ನಂಬರು ಒತ್ತಿ ಉಗ್ರಾಣಕ್ಕೆ ಸೇರಿಸಿತ್ತು. ಹೀಗಾಗಿ ಒಂದೇ ರೈಫಲಿಗೆ ಎರಡು ಮೂರು ಹುಟ್ಟು. ಯಾವುದನ್ನು ಅದರ ನಿಜವಾದ ವರ್ಷ ಎನ್ನಬೇಕು? ಪ್ರಾಮಾಣಿಕನಾದ ಸಂಗ್ರಾಹಕ ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ದುರಾಸೆಯವನು ತನಗೆ ಲಾಭವಾಗುವ ಒಂದನ್ನು ಮಾತ್ರ ಓದುತ್ತಾನೆ.

ನಮ್ಮ ವಿಜಾಪುರದ ಷೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ಫಿರಂಗಿಗೂ ಇಂಥದೇ ಕತೆಯಿದೆ. ಸುಮಾರು 55 ಟನ್ ತೂಗುವ ಆ ಲೋಹದ ರಾಶಿಯನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಅವನ ಹೆಸರು ಅದರ ಮೇಲಿದೆ. ಸುಮಾರು 137 ವರ್ಷಗಳ ನಂತರ ವಿಜಾಪುರವನ್ನು ಗೆದ್ದ ಔರಂಗಜೇಬನೂ ಅದೇ ಫಿರಂಗಿಯ ಮೇಲೆ ತನ್ನ ವಿಜಯದ ಬರಹವನ್ನು ಕೆತ್ತಿಸಿದ. ಮಾಡಿದವನದೊಂದು ಇಸವಿ, ಕಸಿದುಕೊಂಡವನದೊಂದು ಇಸವಿ. ಔರಂಗಜೇಬ ತನ್ನ ಹೆಮ್ಮೆಯನ್ನು ಕೆತ್ತಿಸಿದನೇ ಹೊರತು ರೂಮಿಯ ಹೆಸರನ್ನು ಅಳಿಸಲಿಲ್ಲ ಎಂಬುದೂ ಇಲ್ಲಿ ಗಮನಿಸತಕ್ಕದ್ದೇ. ಹಂಪಿಯನ್ನು ಹಾಳುಗೆಡವಿದ 1565ರ ಯುದ್ಧದಲ್ಲಿ ಈ ಫಿರಂಗಿ ಗುಡುಗಿತೆಂದು ಹೇಳುವುದುಂಟು. ಆದರೆ 1549 ಎಂಬ ಇಸವಿಗೆ ಅದು ಗೊತ್ತಿಲ್ಲ. ವಸ್ತು ಯಾವಾಗ ಹುಟ್ಟಿತೆಂಬುದಷ್ಟೇ ಅದರ ಸಾಕ್ಷಿ. ಅದು ಯಾರನ್ನು ಕೊಂದಿತು, ನ್ಯಾಯಕ್ಕಾಗಿ ಕೊಂದಿತೇ ಅನ್ಯಾಯಕ್ಕಾಗಿಯೇ ಎಂಬುದನ್ನು ಯಾವ ಇಸವಿಯೂ ಹೇಳುವುದಿಲ್ಲ.

ಇನ್ನು ಚಾಚಾ ಅವರ ಪ್ರಶ್ನೆಗೆ ಬರೋಣ. ಇಸವಿ ಎಂದರೆ ಸಾಕ್ಷಿ. ಸಾಕ್ಷಿಯ ಬೆಲೆಯೆಲ್ಲ ಇರುವುದು, ಅದು ನಮ್ಮ ಕಡೆಯದಲ್ಲ ಎಂಬುದರಲ್ಲಿ. ನಮಗೆ ಬೇಕೆಂದು ನಾವೇ ನಿಲ್ಲಿಸಿದ ಸಾಕ್ಷಿ ಅಕಸ್ಮಾತ್ ನಿಜ ಹೇಳಿದರೂ ಅದು ಸಾಕ್ಷಿಯಲ್ಲ. ನೋಡದವನು ನೋಡಿದ್ದೇನೆ ಎಂದು ಕಟಕಟೆಯಲ್ಲಿ ಹೇಳಿದರೆ, ಅಪರಾಧ ನಿಜವಾಗಿ ನಡೆದಿದ್ದರೂ ಅವನದು ಸುಳ್ಳು ಸಾಕ್ಷಿಯೇ. ಸಾಕ್ಷ್ಯ ನಮಗೆ, ನಮ್ಮ ತಂದೆತಾಯಿಗೆ, ನಮ್ಮ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಕಡೆ ನಿಲ್ಲಬೇಕೆಂದು ಕುರ್‌ಆನ್ ಬೋಧಿಸುವುದು ಇದೇ ಕಾರಣಕ್ಕೆ. ಮೇಲೆ ಒಣ ಧಾನ್ಯವಿಟ್ಟು ಒಳಗೆ ನೆನೆದದ್ದನ್ನು ಅಡಗಿಸಿದ್ದ ವ್ಯಾಪಾರಿಯ ರಾಶಿಯೊಳಗೆ ಪ್ರವಾದಿಯವರು ಕೈ ಹಾಕಿ ನೋಡಿದ ಪ್ರಸಂಗ ಹೆಚ್ಚಿನ ಓದುಗರಿಗೆ ಗೊತ್ತು. ಆ ಧಾನ್ಯವೂ ಧಾನ್ಯವೇ ಆಗಿತ್ತು, ಮಣ್ಣಾಗಿರಲಿಲ್ಲ. ಕೊಳ್ಳುವವನಿಗೆ ಕಾಣಬೇಕಾದದ್ದನ್ನು ಕಾಣದಂತೆ ಮಾಡಿದ್ದೇ ಅಲ್ಲಿನ ತಪ್ಪು.

ಚಾಚಾ ಇನ್ನೊಂದು ಮಾತು ಹೇಳಿದರು: "ಕೊಳ್ಳೋರು ಕೋಟ್ಯಧೀಶ್ವರರು. ಅವ್ರಿಗೆ ಏನ್ ನಷ್ಟ ಆಗ್ತೈತಿ?" ಈ ಮಾತಿನ ಹಿಂದಿನ ನೋವು ನಮಗೆ ಅರ್ಥವಾಗದ್ದಲ್ಲ. ಟಿಪ್ಪುವಿನ ಒಂದು ಖಡ್ಗ 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಶ್ರೀರಂಗಪಟ್ಟಣದ ಲೂಟಿಯಲ್ಲಿ ಹೋದ ವಸ್ತುಗಳು ಇಂದಿಗೂ ಕೈಯಿಂದ ಕೈಗೆ ಮಾರಾಟವಾಗುತ್ತಿರುವಾಗ, ಆ ಹೆಸರಿನ ನೆರಳು ತಮ್ಮ ಮನೆಯ ಫೀಜಿಗೂ ಸ್ವಲ್ಪ ಆಗಲಿ ಎಂದು ಬಡವರೊಬ್ಬರು ಬಯಸಿದರೆ ಅವರನ್ನು ಹೀಯಾಳಿಸುವ ಅಧಿಕಾರ ನಮಗಿಲ್ಲ. ಆದರೆ ನಷ್ಟ ಕೊಂಡವನಿಗೆ ಮಾತ್ರ ಆಗುವುದಿಲ್ಲ. ಆ ನಳಿಗೆಯನ್ನು ನಿಜವಾಗಿ ಬಡಿದು ಮಾಡಿದ ಕಮ್ಮಾರನಿದ್ದಾನಲ್ಲ, ಅವನು ಸಂಡೂರಿನವನೋ ಕಂಪ್ಲಿಯವನೋ ಇರಬಹುದು. ಅವನ ಕೆಲಸದ ಮೇಲೆ ಬೇರೆಯವನ ಹೆಸರನ್ನು ಒತ್ತಿದಂತಾಗುತ್ತದೆ. ಮುಂದೆ ಅದನ್ನು ಓದುವ ವಿದ್ಯಾರ್ಥಿ ದಾರಿ ತಪ್ಪುತ್ತಾನೆ. ಎಲ್ಲಕ್ಕಿಂತ ದೊಡ್ಡ ನಷ್ಟ, ನಿಜವಾದ ಇಸವಿಗಳ ಮೇಲೆ ಬೀಳುವ ಅನುಮಾನ.

ಅದು ಹೇಗೆಂದು ತಿಳಿಯಲು ಹಂಪಿಗೇ ಹೋಗಬೇಕು. ಅಲ್ಲಿನ ಪಾಳುಗಳ ನಡುವೆ, ಹಳೆಯ ರಾಜಧಾನಿಯ ಮುಸ್ಲಿಮರು ವಾಸಿಸುತ್ತಿದ್ದ ಭಾಗದಲ್ಲಿ, ಕಲ್ಲಿನ ಕಂಬಗಳ ಒಂದು ಮಂಟಪವಿದೆ. ದೂರದಿಂದ ಗುಡಿಯ ಮಂಟಪವೆಂದೇ ಅನ್ನಿಸುತ್ತದೆ. ಪಶ್ಚಿಮದ ಗೋಡೆಯಲ್ಲಿರುವ ಗೂಡನ್ನು ನೋಡಿದಾಗ ಅದು ಮಸೀದಿಯೆಂದು ತಿಳಿಯುತ್ತದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಇದನ್ನು 1439ರಲ್ಲಿ ತನ್ನ ಒಡೆಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ. ಶಾಸನ ಕನ್ನಡದಲ್ಲಿದೆ. ಅದರಲ್ಲಿ ಕಟ್ಟಡವನ್ನು 'ಧರ್ಮಸಾಲೆ' ಎಂದು ಕರೆದಿದೆ. ಕಾಲವನ್ನು ಹಿಜರಿಯಲ್ಲಲ್ಲ, ಶಕವರ್ಷದಲ್ಲಿ ಹೇಳಿದೆ.

ನೂರು ಭಾಷಣಗಳು ಮಾಡಲಾರದ ಕೆಲಸವನ್ನು ಆ ಒಂದು ಕಲ್ಲು ಮಾಡುತ್ತಿದೆ. ಏಕೆಂದರೆ ಅದನ್ನು ಯಾರೂ ಪರೀಕ್ಷಿಸಬಹುದು. ಶಕವರ್ಷ 1361ಕ್ಕೆ ಅರವತ್ತರ ಚಕ್ರದಲ್ಲಿ ಬರುವುದು ಸಿದ್ಧಾರ್ಥಿ ಸಂವತ್ಸರ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ತಿಥಿ, ವಾರ ಇವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಲೆಕ್ಕ ಹಾಕಿ ವಿದ್ವಾಂಸರು ಸತ್ಯಾಸತ್ಯವನ್ನು ನಿರ್ಣಯಿಸುತ್ತಾರೆ. ಜಾನ್ ಫ್ಲೀಟ್ ನೂರು ವರ್ಷಗಳಿಗೂ ಹಿಂದೆ ಕೂಟ ಶಾಸನಗಳ ಪಟ್ಟಿಯನ್ನೇ ತಯಾರಿಸಿದ್ದರು. ಭೂಮಿಗಾಗಿ, ಮಾನ್ಯಕ್ಕಾಗಿ, ಕುಲದ ಹಿರಿಮೆಗಾಗಿ ತಾಮ್ರಪಟಗಳಲ್ಲಿ ಹಿಂದಿನ ಇಸವಿಗಳನ್ನು ಬರೆಸಿಕೊಂಡವರು ಹಿಂದೆಯೂ ಇದ್ದರು! ವಿಜಯನಗರದ ಸ್ಥಾಪನೆಯ ವರ್ಷವೆಂದು ಶಾಲೆಯಲ್ಲಿ ನಾವೆಲ್ಲ ಕಲಿತ 1336ರ ತಾಮ್ರಪಟಗಳನ್ನು ಕೂಡ ನಂತರದ ಕಾಲದವೆಂದು ಅನೇಕ ಇತಿಹಾಸಕಾರರು ಶಂಕಿಸಿದ್ದಾರೆ.

ಇದನ್ನು ಬೇರೆಯವರ ಮನೆಯ ಮಾತೆಂದು ಓದಿ ನಾವು ನಗಬಾರದು. ಕೇರಳದ ಕೊಡುಂಗಲ್ಲೂರಿನ ಚೇರಮಾನ್ ಮಸೀದಿ 629ರದ್ದು, ನಮ್ಮ ಮಂಗಳೂರಿನ ಬಂದರಿನ ಝೀನತ್ ಬಕ್ಷ್ ಮಸೀದಿ 644ರದ್ದು ಎಂಬ ನಂಬಿಕೆಗಳಿವೆ. ಪ್ರೀತಿಯಿಂದ ಕಾಪಾಡಿಕೊಂಡು ಬಂದ ಸಂಪ್ರದಾಯಗಳೆಂದು ಅವನ್ನು ಗೌರವಿಸೋಣ. ಆದರೆ ಸಂಪ್ರದಾಯವನ್ನು ಶಾಸನದ ಹಾಗೆ ಎತ್ತಿ ಹಿಡಿದು ವಾದಕ್ಕಿಳಿದರೆ ನಾವೂ ನಳಿಗೆಯ ಮೇಲೆ ಇಸವಿ ಕೆತ್ತಿಸುವವರೇ ಆಗುತ್ತೇವೆ. ಒಂದು ಸಮುದಾಯ ಒಮ್ಮೆ ಖೋಟಾ ಇಸವಿಯೊಂದಿಗೆ ಸಿಕ್ಕಿಬಿದ್ದರೆ, ಮುಂದೆ ಅದು ತನ್ನ ಅಹ್ಮದ್ ಖಾನನ ಶಾಸನವನ್ನು ತೋರಿಸಿದಾಗಲೂ ಜನ ಅನುಮಾನದಿಂದಲೇ ನೋಡುತ್ತಾರೆ. ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ ಎಂದು ಪದೇ ಪದೇ ಕೇಳಿಸಿಕೊಳ್ಳುವ ನಮ್ಮಂಥವರಿಗೆ ಈ ಎಚ್ಚರ ಎಲ್ಲರಿಗಿಂತ ಹೆಚ್ಚು ಬೇಕು.

ಇಲ್ಲಿಗೆ ಪ್ರಶ್ನೆಯ ಬುಡ ಸಿಗುತ್ತದೆ. ನಾವೇಕೆ ಇಸವಿಯನ್ನು ಹಿಂದಕ್ಕೆ ತಳ್ಳಲು ಬಯಸುತ್ತೇವೆ? ಮೊದಲು ಬಂದವನಿಗೆ ಹೆಚ್ಚಿನ ಹಕ್ಕು, ಹಳೆಯದಕ್ಕೆ ಹೆಚ್ಚಿನ ಬೆಲೆ ಎಂಬ ಸಂತೆಯ ನ್ಯಾಯವನ್ನು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಸಂಗ್ರಾಹಕನ ಕಪಾಟಿನಲ್ಲಿ ಆ ನ್ಯಾಯ ನಡೆಯಬಹುದು. 1949ರ ರೈಫಲು 1955ರದ್ದಕ್ಕಿಂತ ದುಬಾರಿಯಾದರೆ ಯಾರಿಗೂ ತೊಂದರೆಯಿಲ್ಲ. ಆದರೆ ಅದೇ ನ್ಯಾಯವನ್ನು ಮನುಷ್ಯರಿಗೆ ಅನ್ವಯಿಸಿದರೆ? ಅಹ್ಮದ್ ಖಾನನ 1439 ಇತಿಹಾಸಕ್ಕೆ ಅಮೂಲ್ಯವಾದದ್ದು. ಆದರೆ ಈ ನೆಲದಲ್ಲಿ ಬದುಕುವ ನಮ್ಮ ಹಕ್ಕು ಆ ಇಸವಿಯ ಮೇಲೆ ನಿಂತಿಲ್ಲ. ಆ ಶಾಸನ ಸಿಗದೇ ಹೋಗಿದ್ದರೂ ಹೊಸಪೇಟೆಯ ಆಸ್ಪತ್ರೆಯಲ್ಲಿ ನಿನ್ನೆ ಹುಟ್ಟಿದ ಮಗುವಿನ ಹಕ್ಕು ಒಂದು ಕೂದಲೆಳೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಕಂಪ್ಲಿಯ ಹೆಸರಿನೊಂದಿಗೆ ನೆನಪಿಗೆ ಬರುವ ಘಟನೆಯೊಂದಿದೆ. ದೆಹಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ಬಂಡೆದ್ದ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪ್, ಸೈನ್ಯ ಬೆನ್ನಟ್ಟಿದಾಗ ಕಂಪಿಲರಾಯನಲ್ಲಿ ಆಶ್ರಯ ಬೇಡಿ ಬಂದ. 1327ರ ಸುಮಾರಿನ ಮಾತು. ಕಂಪಿಲರಾಯ ಅವನನ್ನು ಒಪ್ಪಿಸಲಿಲ್ಲ. ಉಳಿಯುವುದು ಅಸಾಧ್ಯವೆಂದು ತಿಳಿದಾಗ ಅತಿಥಿಯನ್ನು ಮುಂದಕ್ಕೆ ಸಾಗಿಸಿ, ತಾನು ಹೋರಾಡಿ ಸತ್ತ. ಇಬ್ನ್ ಬತೂತಾ ಕೂಡ ತನ್ನ ಪ್ರವಾಸಕಥನದಲ್ಲಿ ಈ ಸಂಗತಿಯನ್ನು ಬರೆದಿದ್ದಾನೆ. ಬಾಗಿಲಿಗೆ ಬಂದವನನ್ನು ಕಂಪಿಲರಾಯ ಯಾವ ದೇವರವನು, ಯಾವ ಇಸವಿಯವನು ಎಂಬುದರ ಮೇಲೆ ಅಳೆಯಲಿಲ್ಲ. ಅವನು ಹಿಡಿದಿದ್ದ ಖಡ್ಗ ಇಂದು ಯಾರ ಸಂಗ್ರಹದಲ್ಲೂ ಇಲ್ಲ. ಅವನು ನಡೆದುಕೊಂಡ ರೀತಿ ಮಾತ್ರ ಉಳಿದಿದೆ. ಮನುಷ್ಯರು ಹೆಮ್ಮೆಪಡಲು ಯೋಗ್ಯವಾದದ್ದು ಅದು.

ನಾವು ಇಷ್ಟನ್ನೂ ಚಾಚಾ ಅವರಿಗೆ ಒಂದೇ ಸಂಜೆ ಹೇಳಲಿಲ್ಲ. ಕೆಲವನ್ನು ಹೇಳಿದೆವು, ಕೆಲವು ಹಿಂತಿರುಗುವ ದಾರಿಯಲ್ಲಿ ನಮಗೇ ಹೊಳೆದವು. ನೂರು ವರ್ಷ ಮೀರಿದ ಇಂಥ ವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯಿದೆಗೆ ಬರುತ್ತವೆ, ಲೈಸೆನ್ಸ್ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ, ಅದರಲ್ಲೂ ಇದು ಆಯುಧದ ತುಂಡಾದ್ದರಿಂದ ಮೊದಲು ಕಾನೂನು ಬಲ್ಲವರನ್ನು ಕೇಳಬೇಕು, ಕಮಲಾಪುರದ ವಸ್ತುಸಂಗ್ರಹಾಲಯದವರಿಗೂ ತೋರಿಸಬಹುದು ಎಂದೆವು. ಅವರು ಏನೂ ಹೇಳದೆ ನಳಿಗೆಯನ್ನು ಮತ್ತೆ ಗೋಣಿಯಲ್ಲಿ ಸುತ್ತಿದರು.

ಹದಿನೈದು ದಿನ ಬಿಟ್ಟು ಹೋದಾಗ ಫೀಜಿನ ಹಣ ಇನ್ನೂ ಪೂರ್ತಿ ಹೊಂದಿರಲಿಲ್ಲ. ಅರ್ಧವನ್ನು ಬಂಧುಗಳು ಕೊಟ್ಟಿದ್ದರು, ಉಳಿದರ್ಧಕ್ಕೆ ಓಡಾಟ ನಡೆದಿತ್ತು. ವ್ಯಾಪಾರಿ ಎರಡು ಸಲ ಬಂದು ಹೋಗಿದ್ದನಂತೆ. ಗಂಟು ಅಲ್ಲೇ ಗೋಡೆಗೆ ಒರಗಿತ್ತು. ಅದಕ್ಕೆ ದಾರದಿಂದ ಒಂದು ರಟ್ಟಿನ ಚೀಟಿ ಕಟ್ಟಿದ್ದರು. ಮೊಮ್ಮಗಳ ಕೈಬರಹ: 'ನಮ್ಮ ಮುತ್ತಜ್ಜನ ತಂದೆ ಸಂಡೂರಿನಿಂದ ತಂದದ್ದು. ಟಿಪ್ಪು ಕಾಲದ್ದೆಂದು ಮನೆಯಲ್ಲಿ ಹೇಳುತ್ತಾರೆ. ಇಸವಿ ಗೊತ್ತಿಲ್ಲ.'